ಬೂದಿಗೆರೆಯ ಡ್ರಮ್ಮಿನಲ್ಲಿ ಸೆಲೆನೈಟ್

ದೇವನಹಳ್ಳಿ, ಬೂದಿಗೆರೆ ಕಡೆಯ ದ್ರಾಕ್ಷಿ ತೋಟಗಳಲ್ಲಿ ಹನಿ ನೀರಾವರಿಯ ಜೊತೆ ಗೊಬ್ಬರ ಬಿಡುವವರಿಗೆ ಒಂದು ಮಾತು ಮೊದಲೇ ಕಿವಿಗೆ ಬಿದ್ದಿರುತ್ತದೆ: ಕ್ಯಾಲ್ಸಿಯಂ ನೈಟ್ರೇಟನ್ನೂ ಮೆಗ್ನೀಸಿಯಂ ಸಲ್ಫೇಟನ್ನೂ ಒಂದೇ ಡ್ರಮ್ಮಿಗೆ ಹಾಕಬೇಡಿ, ಡ್ರಿಪ್ ಕಟ್ಟಿಕೊಳ್ಳುತ್ತೆ. ಒಂದನ್ನು ಇವತ್ತು ಬಿಟ್ಟರೆ ಇನ್ನೊಂದನ್ನು ಬೇರೆ ದಿನ ಬಿಡಬೇಕು, ನಡುವೆ ಬರೀ ನೀರು ಹರಿಸಿ ಪೈಪು ತೊಳೆಯಬೇಕು. ಮೂಟೆಗಳ ಮೇಲೂ ಈ ಎಚ್ಚರಿಕೆ ಅಚ್ಚಾಗಿರುವುದುಂಟು. ಆದರೂ ಕೆಲಸದ ಅವಸರದಲ್ಲಿ ಎರಡೂ ಒಂದೇ ಡ್ರಮ್ಮಿಗೆ ಬಿದ್ದರೆ, ಕೋಲಿನಿಂದ ಕಲಕುತ್ತಿದ್ದಂತೆಯೇ ತಿಳಿನೀರು ಹಾಲುಬಣ್ಣಕ್ಕೆ ತಿರುಗುತ್ತದೆ. ಸ್ವಲ್ಪ ಹೊತ್ತಿನಲ್ಲಿ ತಳದಲ್ಲಿ ಬಿಳಿ ಗಸಿ ಕೂರುತ್ತದೆ.

ಆ ಗಸಿಯನ್ನು ಚಿಟಿಕೆಯಷ್ಟು ತೆಗೆದು ಒಳ್ಳೆಯ ಭೂತಗನ್ನಡಿಯಲ್ಲಿ ನೋಡಬೇಕು. ಶಾಲೆಯ ಸೂಕ್ಷ್ಮದರ್ಶಕ ಸಿಕ್ಕರೆ ಇನ್ನೂ ಒಳ್ಳೆಯದು. ಅದು ಮಣ್ಣಲ್ಲ, ಸುಣ್ಣವೂ ಅಲ್ಲ. ಅಷ್ಟೂ ಸೂಜಿಗಳು. ಗಾಜಿನಷ್ಟು ತಿಳಿಯಾದ, ನೇರವಾದ, ತುದಿ ಓರೆಯಾಗಿ ಕತ್ತರಿಸಿದಂತಿರುವ ಸೂಜಿಗಳು. ಸಂಗ್ರಹಕಾರರು ಸೆಲೆನೈಟ್ ಎಂದು ಹೆಸರಿಟ್ಟು ಗಾಜಿನ ಪೆಟ್ಟಿಗೆಯಲ್ಲಿ ಇಡುವ ಹರಳಿಗೂ ಇವಕ್ಕೂ ರಸಾಯನದಲ್ಲಿ ಕೂದಲೆಳೆಯ ವ್ಯತ್ಯಾಸವೂ ಇಲ್ಲ. ಎರಡೂ ಜಿಪ್ಸಂ: ಒಂದು ಪಾಲು ಕ್ಯಾಲ್ಸಿಯಂ, ಒಂದು ಪಾಲು ಸಲ್ಫೇಟ್, ಎರಡು ಪಾಲು ನೀರು. ಅಲ್ಲಿ ಅಂಗೈ ಅಗಲದ ಕಿಟಕಿಯಾಗಿರುವುದು ಇಲ್ಲಿ ಡ್ರಿಪ್ಪರಿನ ಕಂಡಿ ಮುಚ್ಚುವ ಕಸವಾಗಿದೆ. ಯಾಕೆ ಹೀಗೆ ಎನ್ನುವುದೇ ಈ ಅಧ್ಯಾಯದ ವಿಷಯ. ನೆಲದಡಿ ಒಂದು ತುಣುಕು ಸೆಲೆನೈಟೂ ಇಲ್ಲದ ಬೂದಿಗೆರೆಯಿಂದ ಅದನ್ನು ಶುರುಮಾಡಲು ಕಾರಣ ಆ ಡ್ರಮ್ಮು.

ಲೆಕ್ಕ ಸರಳ. ಒಂದು ಲೀಟರ್ ನೀರು ಹೆಚ್ಚೆಂದರೆ ಎರಡೂವರೆ ಗ್ರಾಂನಷ್ಟು ಜಿಪ್ಸಂ ಕರಗಿಸಿಕೊಳ್ಳುತ್ತದೆ. 200 ಲೀಟರಿನ ಡ್ರಮ್ಮಿನಲ್ಲಿ ಅರ್ಧ ಕೆಜಿ. ಬೇರೆ ಲವಣಗಳು ಜೊತೆಗಿದ್ದರೆ ಇದು ಕೊಂಚ ಏರುತ್ತದೆ, ಬಹಳ ಏನಲ್ಲ. ಆ ಡ್ರಮ್ಮಿಗೆ ಎರಡೂ ಗೊಬ್ಬರ ಐದೈದು ಕೆಜಿ ಸುರಿದರೆ ಅವುಗಳಲ್ಲಿರುವ ಕ್ಯಾಲ್ಸಿಯಂ ಮತ್ತು ಸಲ್ಫೇಟ್ ಸೇರಿ ಮೂರೂವರೆ ಕೆಜಿಯಷ್ಟು ಜಿಪ್ಸಂ ಆಗಬಲ್ಲವು. ನೀರು ಹಿಡಿದುಕೊಳ್ಳಲಾರದ ಎರಡು ಕೆಜಿಗೂ ಹೆಚ್ಚು ಜಿಪ್ಸಂ ಕೆಲವೇ ನಿಮಿಷಗಳಲ್ಲಿ ಹೊರಬೀಳಬೇಕು. ಅಷ್ಟು ಅವಸರದಲ್ಲಿ ಹೊರಬೀಳುವಾಗ ಒಂದೇ ಹರಳಿನ ಮೇಲೆ ಹೋಗಿ ಕೂರುವ ವ್ಯವಧಾನ ಯಾವ ಕಣಕ್ಕೂ ಇರುವುದಿಲ್ಲ. ಎಲ್ಲೆಂದರಲ್ಲಿ ಹೊಸ ಬೀಜಗಳು ಹುಟ್ಟುತ್ತವೆ, ಕೋಟಿಗಟ್ಟಲೆ. ಪ್ರತಿ ಬೀಜಕ್ಕೂ ಸಿಗುವ ಪಾಲು ಒಂದು ಚೂರು. ಆಮೇಲೆ ಆ ಪೈಪಿಗೆ ಆಸಿಡ್ ಬಿಟ್ಟರೂ ಹೆಚ್ಚು ಪ್ರಯೋಜನವಿಲ್ಲ. ಬೋರ್‌ವೆಲ್ ನೀರಿನ ಸುಣ್ಣದ ಕಟ್ಟು ಆಸಿಡ್ಡಿಗೆ ಬುರುಗೆದ್ದು ಕರಗುತ್ತದೆ. ಜಿಪ್ಸಂ ಬುರುಗೇಳುವುದಿಲ್ಲ, ಸುಲಭವಾಗಿ ಬಿಟ್ಟುಕೊಡುವುದೂ ಇಲ್ಲ. ಕಾಡಿನಲ್ಲೋ ಗಣಿಯಲ್ಲೋ ಸಿಕ್ಕ ಬಿಳಿಯ ಹರಳು ಸುಣ್ಣದ ಜಾತಿಯದೋ ಜಿಪ್ಸಂ ಜಾತಿಯದೋ ಎಂದು ತಿಳಿಯಲು ಸಂಗ್ರಹಕಾರರು ಮಾಡುವ ಪರೀಕ್ಷೆಯೂ ಇದೇ.

ಇನ್ನೊಂದು ಪರೀಕ್ಷೆಗೆ ಉಗುರು ಸಾಕು. ಗಡಸುತನದ ಮೋಸ್ ಅಳತೆಯಲ್ಲಿ ಜಿಪ್ಸಂಗೆ 2, ನಮ್ಮ ಉಗುರಿಗೆ ಎರಡೂವರೆಯ ಆಸುಪಾಸು. ಗೀರಿದರೆ ಗೆರೆ ಬೀಳುತ್ತದೆ. ಚಾಕುವಿನ ತುದಿಯನ್ನು ಸರಿಯಾದ ದಿಕ್ಕಿನಲ್ಲಿ ಇಟ್ಟು ಮೆಲ್ಲಗೆ ಒತ್ತಿದರೆ ಹಾಳೆ ಹಾಳೆಯಾಗಿ ಬಿಡಿಸಿಕೊಳ್ಳುತ್ತದೆ. ಹಾಗಾಗಿ ಹಲವರು ಇದನ್ನು ಕಾಗೆಬಂಗಾರ ಎಂದುಕೊಳ್ಳುತ್ತಾರೆ. ಆದರೆ ಕಾಗೆಬಂಗಾರದ ಹಾಳೆಯನ್ನು ಬಾಗಿಸಿ ಬಿಟ್ಟರೆ ಚಿಮ್ಮಿ ನೆಟ್ಟಗಾಗುತ್ತದೆ, ಸೆಲೆನೈಟಿನ ಹಾಳೆ ಬಾಗಿದ್ದು ಬಾಗಿದಂತೆಯೇ ಉಳಿಯುತ್ತದೆ. ಒಳಗಿನ ಕಟ್ಟಡ ನೋಡಿದರೆ ಕಾರಣ ತಿಳಿಯುತ್ತದೆ. ಕ್ಯಾಲ್ಸಿಯಂ ಮತ್ತು ಸಲ್ಫೇಟ್ ಬಿಗಿಯಾಗಿ ಹೆಣೆದ ಒಂದು ಪದರ, ಅದರ ಮೇಲೆ ನೀರಿನ ಅಣುಗಳ ಪದರ, ಮತ್ತೆ ಹೆಣೆದ ಪದರ. ಪದರಗಳನ್ನು ಸೇರಿಸಿ ಹಿಡಿದಿರುವುದು ನೀರಿನ ಅಣುಗಳ ದುರ್ಬಲ ಹಿಡಿತ. ಚಾಕು ಹೋಗುವುದು ಆ ನೀರಿನ ನಡುವೆ. ಒಣಗಿದ, ಧೂಳು ಹಿಡಿದ ಒಂದು ಕೆಜಿ ಸೆಲೆನೈಟಿನಲ್ಲೂ 200 ಗ್ರಾಂ ಮೀರಿ ನೀರಿದೆ ಎಂಬುದನ್ನು ನಂಬುವುದು ಕಷ್ಟ, ಆದರೆ ತೂಕ ಮಾಡಿ, ಕಾಯಿಸಿ, ಮತ್ತೆ ತೂಕ ಮಾಡಿದರೆ ಲೆಕ್ಕ ಸರಿಹೋಗುತ್ತದೆ.

ಬೂದಿಗೆರೆಯ ನೆಲದಲ್ಲಿ ಇದು ಯಾಕಿಲ್ಲ? ಇಲ್ಲಿನ ಕೆಂಪು ಮಣ್ಣಿನ ಅಡಿಯಲ್ಲಿರುವುದು ಪೆನಿನ್ಸುಲಾರ್ ನೈಸ್. ಮೈಸೂರು ಸಂಸ್ಥಾನದ ಭೂವಿಜ್ಞಾನ ಇಲಾಖೆಯನ್ನು ನಡೆಸಿದ ಡಬ್ಲ್ಯು. ಎಫ್. ಸ್ಮೀತ್ ಕೊಟ್ಟ ಹೆಸರು ಅದು. ಲಾಲ್‌ಬಾಗಿನ ಬಂಡೆಯ ಮೇಲೆ ನಿಂತವರೆಲ್ಲ ಅದನ್ನು ಮೆಟ್ಟಿದ್ದಾರೆ. ಸುಮಾರು 300 ಕೋಟಿ ವರ್ಷ ಹಳೆಯದು. ನೈಸಿನಲ್ಲಿ ಹರಳುಗಳಿಗೇನೂ ಬರವಿಲ್ಲ: ಬೆಣಚುಕಲ್ಲು, ಗುಲಾಬಿ ಮತ್ತು ಬಿಳಿ ಫೆಲ್ಡ್‌ಸ್ಪಾರ್, ಮಿನುಗುವ ಕಪ್ಪು ಕಾಗೆಬಂಗಾರ. ಇವೆಲ್ಲ ಬಿಸಿಯಲ್ಲಿ, ಭೂಮಿಯ ಆಳದ ಒತ್ತಡದಲ್ಲಿ ಬೆಳೆದವು. ಫೆಲ್ಡ್‌ಸ್ಪಾರ್ ಶಿಥಿಲವಾದಾಗ ಕ್ಯಾಲ್ಸಿಯಂ ಬಿಡುಗಡೆಯಾಗುತ್ತದೆ. ಜಮೀನು ಅಗೆದಾಗ ಅಲ್ಲಲ್ಲಿ ಸಿಗುವ ಸುಣ್ಣದ ಗಂಟುಗಳು ಆ ಕ್ಯಾಲ್ಸಿಯಂನಿಂದಲೇ ಆದವು. ಜಿಪ್ಸಂ ಆಗಲು ಜೊತೆಗೆ ಗಂಧಕ ಬೇಕಲ್ಲ, ಅದು ಈ ಬಂಡೆಯಲ್ಲಿ ಅತಿ ಕಡಿಮೆ. ಇದ್ದಷ್ಟನ್ನೂ ಮಳೆ ತೊಳೆದುಕೊಂಡು ಹೋಗುತ್ತದೆ. ಲೀಟರಿಗೆ ಎರಡೂವರೆ ಗ್ರಾಂ ಕರಗುವ ವಸ್ತು, ನೀರು ಸರಾಗವಾಗಿ ಇಳಿದುಹೋಗುವ ಕೆಂಪು ಮಣ್ಣಿನಲ್ಲಿ ಎಷ್ಟು ಕಾಲ ಉಳಿದೀತು? ಮಳೆ ತೀರಾ ಕಡಿಮೆಯಿರುವ ಎರೆಭೂಮಿಯ ಆಳದಲ್ಲಿ, ನೀರು ಕೆಳಗಿಳಿಯದೆ ಅಲ್ಲೇ ಆರಿಹೋಗುವ ಕಡೆ ಮಾತ್ರ ಜಿಪ್ಸಂನ ಕಣಗಳು ತಂಗುತ್ತವೆ.

ಕಾಲವೂ ಒಂದು ಕಾರಣ. ಈ ಬಂಡೆ ರೂಪುಗೊಂಡಾಗ ಗಾಳಿಯಲ್ಲಿ ಆಮ್ಲಜನಕ ಇರಲಿಲ್ಲವೆನ್ನುವಷ್ಟು ಕಡಿಮೆ. ಆಮ್ಲಜನಕವಿಲ್ಲದೆ ಗಂಧಕ ಸಲ್ಫೇಟ್ ಆಗುವುದು ಕಷ್ಟ, ಆಗಿನ ಸಮುದ್ರದಲ್ಲಿ ಸಲ್ಫೇಟ್ ಬಹಳ ವಿರಳ. ಆ ಕಾಲದ ಸಲ್ಫೇಟ್ ಕರ್ನಾಟಕದಲ್ಲಿ ಸಿಗುವುದೇ ಇಲ್ಲ ಎಂದಲ್ಲ. ಚಿತ್ರದುರ್ಗ ಜಿಲ್ಲೆಯ ಗಟ್ಟಿಹೊಸಹಳ್ಳಿಯಲ್ಲಿ 300 ಕೋಟಿ ವರ್ಷ ಮೀರಿದ ಬೇರೈಟ್ ಪದರಗಳಿವೆ. ಬೇರೈಟ್ ಎಂದರೆ ಬೇರಿಯಂ ಸಲ್ಫೇಟ್. ಬೇರೈಟ್ ಕರಗುವುದು ಲೀಟರಿಗೆ ಎರಡು-ಮೂರು ಮಿಲಿಗ್ರಾಂ, ಜಿಪ್ಸಂ ಕರಗುವುದರ ಸಾವಿರದಲ್ಲೊಂದು ಪಾಲು. ಬೇರಿಯಂ ಇದ್ದ ಕಡೆ ನೀರಿನಲ್ಲಿ ಒಂದಿಷ್ಟೇ ಸಲ್ಫೇಟ್ ಇದ್ದರೂ ಬೇರೈಟ್ ಹೊರಬಿದ್ದುಬಿಡುತ್ತದೆ. ಜಿಪ್ಸಂ ಹೊರಬೀಳಬೇಕಾದರೆ ಸಲ್ಫೇಟಿನ ಸಿರಿ ಬೇಕು. ಆ ಸಿರಿ ಸಮುದ್ರಕ್ಕೆ ಬಂದದ್ದು 240 ಕೋಟಿ ವರ್ಷಗಳ ಹಿಂದೆ ಗಾಳಿಗೆ ಆಮ್ಲಜನಕ ಸೇರತೊಡಗಿದ ನಂತರ. ರಷ್ಯಾದ ಒನೆಗಾ ಪ್ರದೇಶದಲ್ಲಿ ಕೊರೆದ ಬಾವಿಯೊಂದರಿಂದ 200 ಕೋಟಿ ವರ್ಷ ಹಳೆಯ ಸಮುದ್ರ ಲವಣಗಳ ನೂರಾರು ಮೀಟರ್ ದಪ್ಪದ ಪದರ ಹೊರಬಂತು. 2018ರಲ್ಲಿ ಪ್ರಕಟವಾದ ಆ ಅಧ್ಯಯನ, ಅಷ್ಟು ಹೊತ್ತಿಗೆ ಕಡಲು ಸಲ್ಫೇಟಿನಿಂದ ತುಂಬಿತ್ತು ಎಂದು ತೋರಿಸಿತು. ಬೂದಿಗೆರೆಯ ಬಂಡೆ ಅದಕ್ಕೂ 100 ಕೋಟಿ ವರ್ಷ ಮೊದಲಿನದು.

ಕಡಲಿನಿಂದ ಜಿಪ್ಸಂ ಹೊರಬೀಳುವುದನ್ನು ತಿಳಿಯಲು ರಷ್ಯಾಕ್ಕೆ ಹೋಗಬೇಕಿಲ್ಲ. ಗೋಕರ್ಣದ ಬಳಿ ಅಘನಾಶಿನಿಯ ಅಳಿವೆಯಲ್ಲಿ ಸಾಣಿಕಟ್ಟಾದ ಉಪ್ಪಿನಗದ್ದೆಗಳಿವೆ. ಉಪ್ಪುನೀರನ್ನು ಗದ್ದೆಯಿಂದ ಗದ್ದೆಗೆ ಹಾಯಿಸಿ, ಬಿಸಿಲಿಗೆ ಬಿಟ್ಟು, ಗಟ್ಟಿ ಮಾಡುತ್ತಾ ಹೋಗುವ ಕ್ರಮ ಅಲ್ಲಿನದು. ಎಲ್ಲ ಉಪ್ಪಿನಗದ್ದೆಗಳಲ್ಲೂ ಲವಣಗಳು ಒಂದು ಸರದಿಯಲ್ಲೇ ಹೊರಬೀಳುತ್ತವೆ. ಮೊದಲು ಸುಣ್ಣದ ಅಂಶ. ನೀರು ಮೂರು-ನಾಲ್ಕು ಪಟ್ಟು ಗಟ್ಟಿಯಾದಾಗ ಜಿಪ್ಸಂ. ಹತ್ತು ಪಟ್ಟು ಗಟ್ಟಿಯಾದ ಮೇಲೆ ಅಡುಗೆ ಉಪ್ಪು. ಉಪ್ಪು ತಯಾರಿಸುವವರ ಬೋಮೆ ಮಾಪಕದಲ್ಲಿ ಹೇಳುವುದಾದರೆ 13 ಡಿಗ್ರಿ ದಾಟಿದಾಗ ಜಿಪ್ಸಂ ಶುರು, 25 ದಾಟಿದಾಗ ಉಪ್ಪು. ಜಿಪ್ಸಂ ಹಿಂದಿನ ಗದ್ದೆಗಳಲ್ಲೇ ಕೂತುಬಿಡುವುದರಿಂದ ಉಪ್ಪು ಶುದ್ಧವಾಗಿ ಸಿಗುತ್ತದೆ. ಉಪ್ಪಿನಗದ್ದೆಯ ಜಾಣತನವೆಲ್ಲ ಈ ಸರದಿಯನ್ನು ಅರಿತು ನೀರನ್ನು ಸರಿಯಾದ ಹೊತ್ತಿಗೆ ಮುಂದಕ್ಕೆ ಬಿಡುವುದರಲ್ಲಿದೆ.

ಆದರೆ ಸಮುದ್ರ ಒಂದು ಸಲ ಆರಿದರೆ ಸಿಗುವ ಜಿಪ್ಸಂ ಬಹಳ ಅಲ್ಲ. ಸಾವಿರ ಮೀಟರ್ ಆಳದ ಸಮುದ್ರ ಪೂರ್ತಿ ಆರಿದರೂ ತಳದಲ್ಲಿ ಒಂದು ಮೀಟರೂ ದಪ್ಪವಿರದ ಪದರ. ನೂರಾರು ಮೀಟರ್ ದಪ್ಪದ ಪದರ ಬೇಕಾದರೆ ಹೊಸ ನೀರು ಬರುತ್ತಲೇ ಇರಬೇಕು, ಆರುತ್ತಲೇ ಇರಬೇಕು. ಸುಮಾರು 60 ಲಕ್ಷ ವರ್ಷಗಳ ಹಿಂದೆ ಮೆಡಿಟರೇನಿಯನ್ ಸಮುದ್ರಕ್ಕೆ ಅಟ್ಲಾಂಟಿಕ್‌ನ ದಾರಿ ಕಟ್ಟಿಹೋಗುತ್ತಾ ಬಂದಾಗ ಹಾಗಾಯಿತು. ಆ ಕಾಲದ ಜಿಪ್ಸಂ ಇಟಲಿಯ ಬೊಲೋನ್ಯಾ ಸುತ್ತ ಬೆಟ್ಟಗಳಾಗಿ ನಿಂತಿದೆ. ಆ ಊರಿನ ಹಳೆಯ ಗೋಪುರ ಗಾರಿಸೆಂಡಾದ ಬುಡಕ್ಕೆ ಹೊದಿಸಿರುವುದು ಸೆಲೆನೈಟ್ ದಿಮ್ಮಿಗಳನ್ನೇ. ಸ್ಪೇನಿನ ಸೆಗೋಬ್ರಿಗಾ ಬಳಿಯ ಗಣಿಗಳಿಂದ ತೆಗೆದ ದೊಡ್ಡ ಹರಳುಗಳನ್ನು ಹಾಳೆಯಾಗಿ ಬಿಡಿಸಿ ರೋಮನ್ನರು ಕಿಟಕಿಗೆ ಗಾಜಿನಂತೆ ಕೂರಿಸುತ್ತಿದ್ದರು. ನಮ್ಮ ದೇಶದಲ್ಲಿ ಜಿಪ್ಸಂ ಎಂದರೆ ರಾಜಸ್ಥಾನ: ನಾಗೌರ್, ಬಿಕಾನೇರ್, ಜೈಸಲ್ಮೇರ್. ಜಮ್ಮು-ಕಾಶ್ಮೀರದಲ್ಲಿ ಒಂದಿಷ್ಟು, ತಮಿಳುನಾಡಿನಲ್ಲಿ ಅದಕ್ಕಿಂತ ಕಡಿಮೆ. ಕರ್ನಾಟಕದ ಪಾಲು ತೀರಾ ಚಿಕ್ಕದು.

ಬೆಂಗಳೂರು ಸೀಮೆಯವರು ಸೆಲೆನೈಟನ್ನು ಅದು ಹುಟ್ಟಿದ ಜಾಗದಲ್ಲೇ ನೋಡಬೇಕೆಂದರೆ ಹೋಗಬೇಕಾದದ್ದು ತಮಿಳುನಾಡಿನ ಪೆರಂಬಲೂರು ಜಿಲ್ಲೆಯ ಕಾರೈಗೆ. ತಿರುಚಿರಾಪಳ್ಳಿಯಿಂದ ಉತ್ತರಕ್ಕೆ ಹೋಗುವ ದಾರಿಯಿಂದ ಕೊಂಚ ಒಳಗೆ, ಹಸಿರು ಗದ್ದೆಗಳ ನಡುವೆ ಇದ್ದಕ್ಕಿದ್ದಂತೆ ಬೋಳು ಕೊರಕಲುಗಳ ಲೋಕ ತೆರೆದುಕೊಳ್ಳುತ್ತದೆ. ಬೂದು, ಹಳದಿ, ಇಟ್ಟಿಗೆ ಬಣ್ಣದ ಜೇಡಿಮಣ್ಣಿನ ದಿಣ್ಣೆಗಳು. ಹುಲ್ಲು ಕೂಡ ಅಪರೂಪ. ಸುಮಾರು 10 ಕೋಟಿ ವರ್ಷಗಳ ಹಿಂದೆ, ಡೈನೋಸಾರ್‌ಗಳ ಕಾಲದಲ್ಲಿ, ಭಾರತ ಗೊಂಡ್ವಾನದಿಂದ ಬೇರ್ಪಟ್ಟು ದೂರ ಸರಿಯುತ್ತಿದ್ದಾಗ ಕಾವೇರಿಯ ಈ ಭಾಗವನ್ನು ಸಮುದ್ರ ಮುಚ್ಚಿತ್ತು. ಅದರ ತಳದ ಕೆಸರು ಈ ಜೇಡಿ. ಬೆಲೆಮ್ನೈಟ್ ಎಂಬ ಸ್ಕ್ವಿಡ್ ಬಳಗದ ಪ್ರಾಣಿಗಳ ಗುಂಡಿನಾಕಾರದ ಅವಶೇಷಗಳು, ಅಮ್ಮೊನೈಟ್‌ಗಳು ಇಲ್ಲಿನ ಮಣ್ಣಿನಲ್ಲಿವೆ. 19ನೇ ಶತಮಾನದ ನಡುವಿನಲ್ಲಿ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ಎಚ್. ಎಫ್. ಬ್ಲಾನ್‌ಫರ್ಡ್ ಈ ಪ್ರದೇಶದ ನಕ್ಷೆ ಮಾಡಿ ಪದರಗಳಿಗೆ ಉತ್ತತ್ತೂರು, ತಿರುಚಿರಾಪಳ್ಳಿ, ಅರಿಯಲೂರು ಎಂದು ಊರುಗಳ ಹೆಸರನ್ನೇ ಇಟ್ಟ.

ಬಿಸಿಲು ಓರೆಯಾಗಿ ಬೀಳುವ ಹೊತ್ತಿನಲ್ಲಿ ಕಾರೈನ ದಿಣ್ಣೆಗಳ ಮೇಲೆ ಅಲ್ಲಲ್ಲಿ ಮಿಂಚು ಕಾಣುತ್ತದೆ. ಬಾಟಲಿಯ ಚೂರೆಂದು ಕಾಲಿನಲ್ಲಿ ಒದೆಯಬಹುದು, ಆದರೆ ಬಗ್ಗಿ ಎತ್ತಿದರೆ ತಿಳಿಯಾದ ಜಿಪ್ಸಂ ಚಕ್ಕೆ. ಜೇಡಿಯನ್ನು ಅಡ್ಡಡ್ಡ, ಓರೆಯೋರೆಯಾಗಿ ಸೀಳಿಕೊಂಡು ಹೋಗುವ ಬಿಳಿಯ ಎಳೆಗಳೂ ಇವೆ. ಅವುಗಳಲ್ಲಿ ಕೆಲವು ರೇಷ್ಮೆಯ ಹೊಳಪಿನ ನಾರುನಾರಾದ ಜಿಪ್ಸಂ, ಸ್ಯಾಟಿನ್ ಸ್ಪಾರ್ ಎಂದು ಕರೆಸಿಕೊಳ್ಳುವಂಥದ್ದು. ಈ ಎಳೆಗಳು ಪದರದ ಜೊತೆ ಸಾಗದೆ ಪದರವನ್ನು ಕತ್ತರಿಸಿಕೊಂಡು ಹೋಗುವುದನ್ನು ನೋಡಿದರೆ, ಕೆಸರು ಗಟ್ಟಿಯಾದ ಮೇಲೆ ಬಿರುಕುಗಳಲ್ಲಿ ಇವು ಬೆಳೆದವು ಎಂದು ಗೊತ್ತಾಗುತ್ತದೆ. ಇಲ್ಲಿ ಸಮುದ್ರ ಆರಿ ಜಿಪ್ಸಂ ಕೂತದ್ದಲ್ಲ. ದಾರಿ ಬೇರೆ.

ಆ ದಾರಿ ಹೀಗಿದೆ. ಸಮುದ್ರದ ತಳದ ಕೆಸರಿನಲ್ಲಿ ಕೊಳೆಯುವ ಜೀವರಾಶಿ ಆಮ್ಲಜನಕವನ್ನೆಲ್ಲ ತಿಂದುಹಾಕಿದಾಗ, ಬ್ಯಾಕ್ಟೀರಿಯಾಗಳು ಸಲ್ಫೇಟನ್ನು ಉಸಿರಾಟಕ್ಕೆ ಬಳಸುತ್ತವೆ. ಅದರಿಂದ ಹೊರಬರುವ ಗಂಧಕ ಕಬ್ಬಿಣದ ಜೊತೆ ಸೇರಿ ಪೈರೈಟ್ ಆಗಿ ಜೇಡಿಯಲ್ಲಿ ಅಡಗಿ ಕೂರುತ್ತದೆ. ಕೋಟ್ಯಂತರ ವರ್ಷಗಳ ನಂತರ ನೆಲ ಮೇಲೆದ್ದು, ಮಳೆನೀರೂ ಗಾಳಿಯೂ ಜೇಡಿಯ ಒಳಗಿಳಿದಾಗ ಪೈರೈಟ್ ತುಕ್ಕು ಹಿಡಿಯುತ್ತದೆ. ಜೇಡಿಗೆ ಹಳದಿ, ಇಟ್ಟಿಗೆ ಬಣ್ಣ ಬಂದದ್ದು ಕಬ್ಬಿಣದಿಂದ. ಗಂಧಕ ಆಮ್ಲವಾಗುತ್ತದೆ. ಆ ಆಮ್ಲ ಚಿಪ್ಪುಗಳ ಸುಣ್ಣವನ್ನು ಕರಗಿಸುತ್ತದೆ. ಕ್ಯಾಲ್ಸಿಯಂ ಒಂದು ಕಡೆಯಿಂದ, ಸಲ್ಫೇಟ್ ಇನ್ನೊಂದು ಕಡೆಯಿಂದ, ಜೇಡಿಯ ಅತಿ ಸಣ್ಣ ಸಂದುಗಳ ಮೂಲಕ ತೆವಳುತ್ತಾ ಬಂದು ಬಿರುಕಿನಲ್ಲಿ ಕೂಡುತ್ತವೆ. ಜೇಡಿಯಲ್ಲಿ ನೀರು ಹರಿಯುವುದಿಲ್ಲ, ಜಿನುಗುತ್ತದೆ. ಡ್ರಮ್ಮಿನಲ್ಲಿ ಕೋಲು ಆಡಿಸಿ ಒಂದು ನಿಮಿಷದಲ್ಲಿ ಮಾಡಿದ ಕೆಲಸವನ್ನು ಇಲ್ಲಿ ನೆಲ ಸಾವಿರಾರು ವರ್ಷ ಎಳೆದಿದೆ. ಹೊಸ ಬೀಜ ಹುಟ್ಟುವಷ್ಟು ಒತ್ತಡ ನೀರಿನಲ್ಲಿ ಎಂದೂ ಏರದ ಕಾರಣ, ಬಂದ ಕಣಗಳೆಲ್ಲ ಇರುವ ಹರಳಿಗೇ ಸೇರಿಕೊಂಡವು.

ಚೆಂದದ ಸೆಲೆನೈಟ್ ಹುಡುಕುವವರು ಜಗತ್ತಿನೆಲ್ಲೆಡೆ ಜೇಡಿಯನ್ನೇ ಅರಸುವುದು ಇದಕ್ಕಾಗಿ. ಮೆತ್ತಗಿನ ಜೇಡಿ ಬೆಳೆಯುವ ಹರಳಿಗೆ ಜಾಗ ಬಿಟ್ಟುಕೊಡುತ್ತದೆ, ಆದ್ದರಿಂದ ಎಲ್ಲ ಮುಖಗಳೂ ಮೂಡಿದ ಪೂರ್ಣ ಹರಳು ಸಿಗುತ್ತದೆ. ಎರಡು ಹರಳುಗಳು ಕನ್ನಡಿಯ ಬಿಂಬವಾಗಿ ಬೆಸೆದುಕೊಂಡು ಕವಲುಬಾಲದ ಆಕಾರ ತಳೆದದ್ದೂ ಸಿಗಬಹುದು. ಅಮೆರಿಕದ ಒಕ್ಲಹೋಮಾದ ಗ್ರೇಟ್ ಸಾಲ್ಟ್ ಪ್ಲೇನ್ಸ್‌ನಲ್ಲಿ ಹರಳು ಬೆಳೆಯುವಾಗ ಮರಳನ್ನೂ ಒಳಗೆ ಎಳೆದುಕೊಂಡು, ನಡುವೆ ಮರಳುಗಡಿಯಾರದ ಕಂದು ಚಿತ್ರ ಮೂಡಿಸಿಕೊಳ್ಳುತ್ತದೆ. ಅದು ವನ್ಯಜೀವಿ ತಾಣ. ಹಕ್ಕಿಗಳಿಗೆ ತೊಂದರೆಯಾಗದಂತೆ ಏಪ್ರಿಲ್ 1ರಿಂದ ಅಕ್ಟೋಬರ್ 15ರವರೆಗೆ ಮಾತ್ರ, ಗುರುತಿಸಿದ ಜಾಗದಲ್ಲಿ ಜನ ಅಗೆಯಬಹುದು. ಕಾರೈನಂಥ ಜಾಗಗಳಿಗೂ ಇಂಥ ವ್ಯವಸ್ಥೆ ಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ವಿದ್ಯಾರ್ಥಿಗಳ ತಂಡಗಳು ಅಲ್ಲಿಗೆ ಹೋಗುವುದು ಒಳ್ಳೆಯದೇ. ಆದರೆ ಪ್ರತಿಯೊಬ್ಬರೂ ಸುತ್ತಿಗೆಯಿಂದ ಎಳೆಗಳನ್ನು ಬಡಿದು ಚೀಲ ತುಂಬಿಸಿದರೆ, ಎಳೆ ಯಾವ ದಿಕ್ಕಿನಲ್ಲಿ ಪದರವನ್ನು ಕತ್ತರಿಸಿತ್ತು ಎಂಬ ಸಾಕ್ಷ್ಯವೇ ಅಳಿಸಿಹೋಗುತ್ತದೆ. ಮಳೆ ತಾನಾಗಿ ತೊಳೆದು ಕೆಳಗೆ ಉರುಳಿಸಿದ ಚಕ್ಕೆಗಳು ಯಥೇಚ್ಛ. ಜಮೀನಿನವರನ್ನು ಕೇಳಿ, ಅವುಗಳಲ್ಲೊಂದನ್ನು ಆರಿಸಿಕೊಂಡರೆ ಸಾಕು.

ಬೂದಿಗೆರೆಗೆ ಮರಳೋಣ, ಏಕೆಂದರೆ ನೆಲದಲ್ಲಿಲ್ಲದ ಜಿಪ್ಸಂ ಇಲ್ಲಿಗೆ ಲಾರಿಯಲ್ಲಿ ಬರುತ್ತದೆ. 2009ರಲ್ಲಿ ರಾಜ್ಯ ಸರ್ಕಾರ ಇಕ್ರಿಸಾಟ್ ಎಂಬ ಕೃಷಿ ಸಂಶೋಧನಾ ಸಂಸ್ಥೆಯ ಜೊತೆ ಸೇರಿ ಶುರುಮಾಡಿದ ಭೂಚೇತನ ಯೋಜನೆ ಮಳೆಯಾಶ್ರಿತ ಜಮೀನುಗಳ ಮಣ್ಣು ಪರೀಕ್ಷಿಸಿದಾಗ ಗಂಧಕದ ಕೊರತೆ ವ್ಯಾಪಕವಾಗಿ ಕಂಡಿತು. ಸತುವಿನ ಸಲ್ಫೇಟ್ ಮತ್ತು ಬೋರಾಕ್ಸ್ ಜೊತೆಗೆ ಜಿಪ್ಸಂ ಕೂಡ ರೈತ ಸಂಪರ್ಕ ಕೇಂದ್ರಗಳ ಮೂಲಕ ರೈತರಿಗೆ ಹೋಯಿತು. ಗಂಧಕ ಕಡಿಮೆಯಿರುವ ಬಂಡೆಯ ಮೇಲಿನ ಮಣ್ಣಿನಲ್ಲೂ ಗಂಧಕ ಕಡಿಮೆಯೇ ಇರಬೇಕಲ್ಲ. ಇನ್ನು ಬೂದಿಗೆರೆ ಕ್ರಾಸ್ ಸುತ್ತ ಎದ್ದಿರುವ ಅಪಾರ್ಟ್‌ಮೆಂಟುಗಳ ಸಿಮೆಂಟಿನ ಪ್ರತಿ ಮೂಟೆಯಲ್ಲೂ ನೂರಕ್ಕೆ ಮೂರರಿಂದ ಐದರಷ್ಟು ಜಿಪ್ಸಂ ಇದೆ. ಅದಿಲ್ಲದಿದ್ದರೆ ಕಲಸುತ್ತಿದ್ದಂತೆಯೇ ಸಿಮೆಂಟು ಬಿಗಿದುಕೊಂಡು ಮೇಸ್ತ್ರಿಯ ಕರಣೆಗೆ ಬಗ್ಗುವುದಿಲ್ಲ. ಮನೆಗಳ ಒಳಗಿನ ಪಿಒಪಿ ಸೀಲಿಂಗ್ ಅಂತೂ ಪೂರ್ತಿ ಜಿಪ್ಸಂ.

ಪಿಒಪಿಯ ಕಥೆ ಹರಳಿನ ದೃಷ್ಟಿಯಿಂದ ಕುತೂಹಲದ್ದು. ಜಿಪ್ಸಂ ಕಲ್ಲನ್ನು 120ರಿಂದ 150 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕಾಯಿಸಿದರೆ ಒಳಗಿನ ನೀರಿನ ನಾಲ್ಕರಲ್ಲಿ ಮೂರು ಪಾಲು ಹಾರಿಹೋಗುತ್ತದೆ. ಉಳಿದ ಪುಡಿಗೆ ಮತ್ತೆ ನೀರು ಸೇರಿಸಿದರೆ ಕಳೆದುಕೊಂಡಷ್ಟನ್ನೂ ಹೀರಿ, ಕೈಗೆ ಬೆಚ್ಚಗೆ ತಾಗುವಷ್ಟು ಶಾಖ ಬಿಟ್ಟು, ಮತ್ತೆ ಜಿಪ್ಸಂ ಆಗುತ್ತದೆ. ಆಗ ಹುಟ್ಟುವುದು ಡ್ರಮ್ಮಿನಲ್ಲಿ ಕಂಡಂಥವೇ ಸೂಜಿಗಳು. ಇಲ್ಲಿ ನೀರು ಕಡಿಮೆಯಾದ್ದರಿಂದ ಅವು ಸೀಗೆಮೆಳೆಯಂತೆ ಒಂದರೊಳಗೊಂದು ಸಿಕ್ಕಿಕೊಂಡು ಬಿಗಿಯುತ್ತವೆ. ಸೀಲಿಂಗಿನ ಗಟ್ಟಿತನ ಎಂದರೆ ಈ ಸಿಕ್ಕು. ಮನೆಗೆ ಬೆಂಕಿ ಬಿದ್ದರೆ ಆ ಸೂಜಿಗಳಲ್ಲಿರುವ ನೀರೆಲ್ಲ ಆವಿಯಾಗುವವರೆಗೆ ಹಲಗೆಯ ಹಿಂಬದಿ ಹೆಚ್ಚು ಕಾಯುವುದಿಲ್ಲ. ಜಿಪ್ಸಂ ಹಲಗೆಯನ್ನು ಬೆಂಕಿಗೆ ತಡೆ ಎನ್ನುವುದು ಈ ಕಾರಣಕ್ಕೆ. ಕೆಲವೇ ನಿಮಿಷಗಳಲ್ಲಿ ಕೋಟಿ ಹರಳು ಹುಟ್ಟಿದ್ದು ಡ್ರಿಪ್ಪರಿಗೆ ಕೆಡುಕಾದರೆ ಗಾರೆ ಕೆಲಸದವರಿಗೆ ವರ.

ಆ ಮೊದಲ ಕ್ಷಣಗಳಲ್ಲಿ ನಿಜಕ್ಕೂ ಏನಾಗುತ್ತದೆ ಎಂಬುದು ಇತ್ತೀಚಿನವರೆಗೆ ಸರಳ ಎಂದೇ ತಿಳಿಯಲಾಗಿತ್ತು: ಕಣಗಳು ಒಂದೊಂದಾಗಿ ಬಂದು ಹರಳಿಗೆ ಸೇರುತ್ತವೆ, ಅಷ್ಟೆ. 2012ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನವೊಂದು, ಕೋಣೆಯ ಉಷ್ಣತೆಯಲ್ಲೇ ಮೊದಲು ಹುಟ್ಟುವುದು ಪಿಒಪಿಯ ಪುಡಿಯಲ್ಲಿರುವಂಥದೇ ಅರೆನೀರಿನ ನ್ಯಾನೊ ಕಡ್ಡಿಗಳು, ಅವು ಸಾಲಾಗಿ ಸೇರಿಕೊಂಡು ಆಮೇಲೆ ಜಿಪ್ಸಂ ಆಗುತ್ತವೆ ಎಂದು ತೋರಿಸಿತು. ನಂತರ ಬಂದ ಕೆಲಸಗಳು ಇನ್ನೂ ಹಿಂದಕ್ಕೆ ಹೋಗಿ, ಮೂರು ನ್ಯಾನೊಮೀಟರಿಗೂ ಚಿಕ್ಕದಾದ ಇಟ್ಟಿಗೆಗಳು ಮೊದಲು ಮೂಡುವುದನ್ನು ಕಂಡವು.

ಅವಸರದ ಇನ್ನೊಂದು ತುದಿ ಮೆಕ್ಸಿಕೋದ ನೈಕಾ. ಚಿವಾವಾ ರಾಜ್ಯದ ಆ ಸೀಸ-ಬೆಳ್ಳಿ ಗಣಿಯಲ್ಲಿ 2000ದಲ್ಲಿ, ನೆಲದಿಂದ ಸುಮಾರು 300 ಮೀಟರ್ ಕೆಳಗೆ, ಕಾರ್ಮಿಕರು ಸುರಂಗ ಕೊರೆಯುತ್ತಾ ಒಂದು ಗುಹೆಗೆ ಹೊಕ್ಕರು. ಒಳಗೆ 11 ಮೀಟರ್ ಉದ್ದದವರೆಗಿನ ಸೆಲೆನೈಟ್ ಕಂಬಗಳು ಅಡ್ಡಾದಿಡ್ಡಿ ಒರಗಿದ್ದವು. ಗಾಳಿ 45 ಡಿಗ್ರಿ ಮೀರಿದ ಬಿಸಿ, ತೇವ ತುಂಬಿ ತುಳುಕುವಷ್ಟು; ರಕ್ಷಣೆಯಿಲ್ಲದೆ ಹೋದವರು ಹತ್ತು ನಿಮಿಷ ನಿಲ್ಲುವುದೂ ಕಷ್ಟ. ಸ್ಪೇನಿನ ಹರಳು ವಿಜ್ಞಾನಿ ಹುವಾನ್ ಮನುಯೆಲ್ ಗಾರ್ಸಿಯಾ ರುಯಿಸ್ ಮತ್ತು ಸಂಗಡಿಗರು 2007ರಲ್ಲಿ ಅದರ ಗುಟ್ಟು ಬಿಡಿಸಿದರು. ಗುಹೆಯ ಸುತ್ತಲಿನ ಬಂಡೆಯಲ್ಲಿ ಅನ್‌ಹೈಡ್ರೈಟ್ ಇತ್ತು, ಅಂದರೆ ನೀರಿಲ್ಲದ ಕ್ಯಾಲ್ಸಿಯಂ ಸಲ್ಫೇಟ್. ಸುಮಾರು 58 ಡಿಗ್ರಿಗಿಂತ ಮೇಲೆ ಅದು ಸ್ಥಿರ, ಕೆಳಗೆ ಜಿಪ್ಸಂ ಸ್ಥಿರ. ಗುಹೆಯಲ್ಲಿ ತುಂಬಿದ್ದ ನೀರಿನ ಉಷ್ಣತೆ ಆ ಗಡಿಗಿಂತ ಒಂದಿಷ್ಟೇ ಕೆಳಗಿಳಿದು, ಯುಗಗಳ ಕಾಲ ಅಲ್ಲೇ ನಿಂತಿತು. ಅನ್‌ಹೈಡ್ರೈಟ್ ಮೆಲ್ಲಗೆ ಕರಗುತ್ತಿತ್ತು, ಜಿಪ್ಸಂ ಅಷ್ಟೇ ಮೆಲ್ಲಗೆ ಬೆಳೆಯುತ್ತಿತ್ತು. ನೀರಿನಲ್ಲಿ ಹೆಚ್ಚುವರಿಯಾಗಿ ಉಳಿದದ್ದು ಎಷ್ಟು ಕಡಿಮೆಯೆಂದರೆ ಹೊಸ ಹರಳು ಹುಟ್ಟುವುದೇ ಅಪರೂಪವಾಯಿತು. ಗುಹೆಯ ನೀರಿನಲ್ಲೇ ಬೆಳವಣಿಗೆಯ ವೇಗ ಅಳೆದು 2011ರಲ್ಲಿ ಪ್ರಕಟಿಸಿದ ಅಂದಾಜಿನಂತೆ, ಒಂದು ಮೀಟರ್ ದಪ್ಪದ ಕಂಬಕ್ಕೆ ಹತ್ತಿರ ಹತ್ತಿರ 10 ಲಕ್ಷ ವರ್ಷ ಬೇಕು. ಗಣಿಯ ಪಂಪುಗಳು ನಿಂತ ಮೇಲೆ ಆ ಗುಹೆ ಮತ್ತೆ ನೀರಿನಲ್ಲಿ ಮುಳುಗಿದೆ.

ಮನೆಯಲ್ಲೂ ನಿಧಾನವನ್ನು ಕೊಂಚ ಮಟ್ಟಿಗೆ ಸಾಧಿಸಬಹುದು, ಅದೂ ಗೊಬ್ಬರದ ಅಂಗಡಿಯ ಅದೇ ಎರಡು ಪುಡಿಗಳಿಂದ. ಅಗಲ ಬಾಯಿಯ ದೊಡ್ಡ ಗಾಜಿನ ಭರಣಿಯಲ್ಲಿ ಎರಡು ಪುಟ್ಟ ಬಾಟಲಿಗಳನ್ನು ದೂರ ದೂರ ನಿಲ್ಲಿಸಿ. ಒಂದಕ್ಕೆ ಒಂದು ಚಮಚ ಕ್ಯಾಲ್ಸಿಯಂ ನೈಟ್ರೇಟ್, ಇನ್ನೊಂದಕ್ಕೆ ಅಷ್ಟೇ ಮೆಗ್ನೀಸಿಯಂ ಸಲ್ಫೇಟ್. ಎರಡಕ್ಕೂ ಕಂಠದವರೆಗೆ ನೀರು. ಆಮೇಲೆ ಫಿಲ್ಟರ್ ಮಾಡಿದ ನೀರನ್ನು ಭರಣಿಯ ಗೋಡೆಗೆ ತಾಗಿಸಿ, ಕಲಕದಂತೆ ಸುರಿಯುತ್ತಾ ಬಂದು, ಪುಟ್ಟ ಬಾಟಲಿಗಳ ಬಾಯಿಯ ಮೇಲೂ ಎರಡು ಬೆರಳು ನೀರು ನಿಲ್ಲುವಂತೆ ಮಾಡಿ. ಮುಚ್ಚಳ ಹಾಕಿ, ಯಾರೂ ಅಲುಗಿಸದ ಕಡೆ, ಬಿಸಿಲು ತಾಗದ ಕಡೆ ಇಡಿ. ಲವಣದ ನೀರು ಭಾರ, ಅದು ತನ್ನ ಬಾಟಲಿ ಬಿಟ್ಟು ಬೇಗ ಹೊರಡುವುದಿಲ್ಲ. ಕಣಗಳು ಅಲೆಯುತ್ತಾ ಅಲೆಯುತ್ತಾ ನಡುವೆ ಸಂಧಿಸುತ್ತವೆ. ವಾರಗಳ ಮೇಲೆ ಗಾಜಿನ ಮೇಲೆ ಕೆಲವು ಮಿಲಿಮೀಟರ್ ಉದ್ದದ ಸೂಜಿಗಳು ಬರಿಗಣ್ಣಿಗೇ ಕಾಣುತ್ತವೆ. ನೀರಿಗೆ ಬದಲು ಸಿಲಿಕಾ ಜೆಲ್ ತುಂಬಿಸಿದರೆ ಅಲೆದಾಟ ಇನ್ನೂ ನಿಧಾನವಾಗಿ ಹರಳು ಇನ್ನೂ ದೊಡ್ಡದಾಗುತ್ತದೆ. ಕಾರೈನ ಜೇಡಿ ಮಾಡಿದ ಕೆಲಸ ಪ್ರಯೋಗಾಲಯಗಳಲ್ಲಿ ಜೆಲ್‌ನದು.

ಸಂಗ್ರಹದ ಹರಳಿನಿಂದ ಕಲಿಯುವುದಕ್ಕೂ ಬಹಳವಿದೆ. ಸೆಲೆನೈಟಿನ ಅತಿ ತೆಳು ಹಾಳೆಯೊಂದನ್ನು ಬಿಡಿಸಿ, ಬಿಳಿಯ ತೆರೆ ತೋರಿಸುವ ಲ್ಯಾಪ್‌ಟಾಪಿನ ಮುಂದೆ ಹಿಡಿದು, ಪೋಲರಾಯ್ಡ್ ಕನ್ನಡಕದ ಮೂಲಕ ನೋಡಿ. ಬಣ್ಣವೇ ಇಲ್ಲದ ಹಾಳೆಯಲ್ಲಿ ನೇರಳೆ, ನೀಲಿ, ಹಳದಿ ಪಟ್ಟಿಗಳು ಹೊಮ್ಮುತ್ತವೆ. ಹಾಳೆಯ ದಪ್ಪ ಬದಲಾದ ಕಡೆ ಬಣ್ಣವೂ ಬದಲು. ಹರಳಿನೊಳಗೆ ಬೆಳಕು ಎರಡಾಗಿ ಸೀಳಿ, ಒಂದು ಇನ್ನೊಂದಕ್ಕಿಂತ ಹಿಂದೆ ಬೀಳುವುದರಿಂದ ಇದು ಆಗುತ್ತದೆ. ಭೂವಿಜ್ಞಾನದ ಸೂಕ್ಷ್ಮದರ್ಶಕಗಳಲ್ಲಿ ಹೀಗೆ ಲೆಕ್ಕ ಹಾಕಿ ಬಿಡಿಸಿದ ಜಿಪ್ಸಂ ಫಲಕವನ್ನು ಬಹುಕಾಲ ಬಳಸಿದ್ದಾರೆ. ಕೀಲಿನ ನೀರಿನಲ್ಲಿರುವ ಯೂರೇಟ್ ಹರಳನ್ನು ಗುರುತಿಸಿ ಗೌಟ್ ಎಂದು ವೈದ್ಯರು ಹೇಳುವುದೂ ಅಂಥದೇ ಫಲಕದ ನೆರವಿನಿಂದ. ಬೆಂಗಳೂರಿನಲ್ಲಿ ಸರ್ ಸಿ. ವಿ. ರಾಮನ್ ಎ. ಕೆ. ರಾಮದಾಸ್ ಜೊತೆಗೂಡಿ ಜಿಪ್ಸಂನ ಬಹುಹರಳು ರೂಪಗಳಲ್ಲಿ ಬೆಳಕಿನ ನಡವಳಿಕೆ ಕುರಿತು 1954ರಲ್ಲಿ ಪ್ರಬಂಧ ಪ್ರಕಟಿಸಿದರು. ನಾರುನಾರಾದ ಜಿಪ್ಸಂಗೆ ರೇಷ್ಮೆಯ ಹೊಳಪು ಯಾಕೆ ಎಂಬಂಥ ಪ್ರಶ್ನೆ ನೊಬೆಲ್ ಪಡೆದ ವಿಜ್ಞಾನಿಗೂ ಚಿಕ್ಕದೆನಿಸಲಿಲ್ಲ ಎನ್ನುವುದು ನನಗೆ ಬಹಳ ಮೆಚ್ಚುಗೆಯ ಸಂಗತಿ.

ಇವತ್ತು ನಗರದ ಅಂಗಡಿಗಳಲ್ಲಿ ಸೆಲೆನೈಟ್ ಎಂದು ಮಾರುವ ಬಿಳಿಯ ಕೋಲುಗಳು ಬಹುಪಾಲು ಈ ಸ್ಯಾಟಿನ್ ಸ್ಪಾರ್, ಹೆಚ್ಚಿನವು ಮೊರಾಕೊದಿಂದ ಬಂದವು. ಖನಿಜ ಅದೇ, ಆದರೆ ಹಾಳೆಯಾಗಿ ಬಿಡಿಸಿಕೊಳ್ಳುವ ತಿಳಿಹರಳಲ್ಲ. ಮನಸ್ಸಿನ ಕಾಯಿಲೆ ವಾಸಿಮಾಡುತ್ತದೆ ಎಂದು ಅದನ್ನು ಮಾರುವವರ ಮಾತಿಗೆ ಯಾವ ಆಧಾರವೂ ಇಲ್ಲ. ಕೊಂಡದ್ದಾಗಲಿ ಆರಿಸಿದ್ದಾಗಲಿ, ಸೆಲೆನೈಟನ್ನು ನೀರಿನಲ್ಲಿ ನೆನೆಹಾಕಬಾರದು, ಮುಖದ ಹೊಳಪು ಸವೆಯುತ್ತದೆ. ಒಣಗಿದ ಜೇಡಿಯನ್ನು ಮೆತ್ತಗಿನ ಕುಂಚದಿಂದ, ಬಿದಿರಿನ ಕಡ್ಡಿಯಿಂದ ಬಿಡಿಸಿ. ತೊಳೆಯಲೇಬೇಕಾದರೆ ಒಂದು ಬಕೆಟ್ ನೀರಿಗೆ ಹಿಡಿ ಜಿಪ್ಸಂ ಪುಡಿ ಹಾಕಿ, ಆಗಾಗ ಕಲಕಿ, ಒಂದೆರಡು ದಿನ ಬಿಟ್ಟು, ಮೇಲಿನ ತಿಳಿಯನ್ನು ಬಳಸಿ. ಈಗಾಗಲೇ ಹೊಟ್ಟೆ ತುಂಬಿದ ಆ ನೀರು ಹರಳನ್ನು ಕರಗಿಸುವುದಿಲ್ಲ.

ಒಣಗಿಸಲು ಓವನ್ನಿನಲ್ಲಿ, ಹೆಂಚಿನ ಮೇಲೆ ಇಡಬೇಡಿ. ಹರಳು ಬಿಳಿಚಿಕೊಂಡು ಪುಡಿಯಾಗುವುದು ಒಂದು ನಷ್ಟ; ಅದಕ್ಕಿಂತ ದೊಡ್ಡ ನಷ್ಟ ಒಳಗಿನ ನೀರಿನದು. ಹರಳು ಬೆಳೆದ ದಿನದ ಕೆರೆಯ ನೀರು, ಅಂತರ್ಜಲ ಹೇಗಿತ್ತು ಎಂಬ ಸುಳಿವನ್ನು ಆ ನೀರಿನ ಹೈಡ್ರೋಜನ್ ಮತ್ತು ಆಮ್ಲಜನಕದ ಐಸೊಟೋಪುಗಳು ಇಟ್ಟುಕೊಂಡಿರುತ್ತವೆ. ಮೆಕ್ಸಿಕೋದ ಯುಕಟಾನ್‌ನಲ್ಲಿರುವ ಚಿಚಾಂಕನಾಬ್ ಕೆರೆಯ ಕೆಸರಿನ ಜಿಪ್ಸಂನಿಂದ ಕೇಂಬ್ರಿಜ್‌ನ ಸಂಶೋಧಕರು ಆ ನೀರನ್ನು ಹೊರತೆಗೆದು ಅಳೆದರು. ಮಾಯಾ ನಾಗರಿಕತೆ ಕುಸಿದ ಶತಮಾನಗಳಲ್ಲಿ ಅಲ್ಲಿನ ವಾರ್ಷಿಕ ಮಳೆ ಈಗಿನದಕ್ಕಿಂತ ಸುಮಾರು ಅರ್ಧಕ್ಕೆ ಇಳಿದಿತ್ತು ಎಂದು 2018ರಲ್ಲಿ ಲೆಕ್ಕ ಕೊಟ್ಟರು. ಅಂಥ ಲೆಕ್ಕ ಸಾಧ್ಯವಾದದ್ದು ಪ್ರತಿ ತುಣುಕೂ ಕೆಸರಿನ ಯಾವ ಆಳದಿಂದ ಬಂತೆಂಬ ದಾಖಲೆ ಇದ್ದದ್ದರಿಂದ. ಆದ್ದರಿಂದ ಆರಿಸಿದ ಹರಳನ್ನು ಹತ್ತಿಯಲ್ಲಿ ಸುತ್ತುವ ಮೊದಲು ಒಂದು ಚೀಟಿ ಬರೆಯಿರಿ: ಊರು, ಸಾಧ್ಯವಾದರೆ ಫೋನಿನ ಜಿಪಿಎಸ್ ಅಂಕಿ, ತಾರೀಖು, ಜೇಡಿಯ ಬಣ್ಣ, ಹರಳು ಮೇಲೆ ಉರುಳಿ ಬಿದ್ದಿತ್ತೋ ಪದರದೊಳಗಿತ್ತೋ. ಪದರದೊಳಗಿದ್ದರೆ ನೆಲದಿಂದ ಎಷ್ಟು ಆಳ, ಯಾವ ಬದಿ ಮೇಲಿತ್ತು ಎಂಬುದನ್ನೂ ಸೇರಿಸಿ, ಪೆನ್ಸಿಲಿನಲ್ಲೇ ಬರೆಯಿರಿ. ಶಾಯಿ ತೇವಕ್ಕೆ ಹರಡಿಕೊಳ್ಳುತ್ತದೆ.